ಪಕ್ಕದ ಮನೆಗೆ ಹೋದ ಫ್ರಿಜ್

ಮನೆಗೆ ನೆಂಟರು ಬರುತ್ತಾರೆಂದರೆ ಜನ ಪಕ್ಕದ ಮನೆಯಿಂದ ಕುರ್ಚಿ ತರುತ್ತಾರೆ, ಒಳ್ಳೆಯ ಲೋಟ ತರುತ್ತಾರೆ, ಇಲ್ಲದ್ದನ್ನು ಇದೆಯೆಂದು ತೋರಿಸುತ್ತಾರೆ. ಈ ಮನೆಯವರ ರೀತಿಯೇ ಬೇರೆ. ನೆಂಟಳು ಬರುವ ಹಿಂದಿನ ದಿನ ತಮ್ಮದೇ ಫ್ರಿಜ್ಜನ್ನು ಹೊತ್ತುಕೊಂಡು ಹೋಗಿ ಪಕ್ಕದ ಮನೆಯಲ್ಲಿ ಇಟ್ಟು ಬಂದರು.

ಹೊತ್ತವರು ಮನೆಯ ಮಗ ಮತ್ತು ಪಕ್ಕದ ಮನೆಯ ಎಲೆಕ್ಟ್ರಿಷಿಯನ್. ದಾರಿ ಬಿಡದೆ ಬಾಗಿಲಲ್ಲಿ ನಿಂತವಳು ಅಜ್ಜಿ.

“ಇದು ನನ್ನ ಫ್ರಿಜ್ಜು ಕಣೋ. ನಿಮ್ಮಪ್ಪ ಕೊಡಿಸಿದ್ದಲ್ಲ, ನೀನೂ ಕೊಡಿಸಿದ್ದಲ್ಲ.”

“ಯಾರೂ ನುಂಗಿಬಿಡಲ್ಲಮ್ಮ. ಬೇಸಿಗೆ ಮುಗಿಯೋವರೆಗೆ ಅಲ್ಲಿರುತ್ತೆ, ಅಷ್ಟೇ. ಸ್ವಲ್ಪ ಸರಿ, ಕೈ ಬಿದ್ದುಹೋಗ್ತಿದೆ.”

“ನನ್ನ ಇನ್ಸುಲಿನ್ನು?”

“ಅದೂ ಅದರೊಳಗೇ ಇದೆಯಲ್ಲ. ಹತ್ತು ಹೆಜ್ಜೆ. ಪುಟ್ಟಿ ತಂದುಕೊಡ್ತಾಳೆ.”

ಅಜ್ಜಿ ಹೇಳಿದ್ದು ನಿಜ. ಆಯುಷ್ಯವೆಲ್ಲ ಪಾದ್ರಿಗಳ ನಿಲುವಂಗಿ ಹೊಲಿದವಳು ಅವಳು. ಬೀದಿಯಲ್ಲಿ ಅವಳನ್ನು ಕರೆಯುವುದೇ ನಿಲುವಂಗಿ ಅಜ್ಜಿ ಎಂದು. ಕಣ್ಣು ಮಂಜಾಗುವ ಮುಂಚೆ ಕೊನೆಯದಾಗಿ ಒಂದಿಡೀ ಗಾಯನ ತಂಡಕ್ಕೆ ಅಂಗಿ ಹೊಲಿದುಕೊಟ್ಟು, ಆ ಕೂಲಿಯಲ್ಲಿ ಫ್ರಿಜ್ ತೆಗೆದುಕೊಂಡಿದ್ದಳು. ಅದರ ಹಿಡಿಗೆ ತಾನೇ ಒಂದು ಬಟ್ಟೆಯ ಕವಚ ಹೊಲಿದು ತೊಡಿಸಿದ್ದಳು, ಪಾದ್ರಿಯ ತೋಳಿಗೆ ಹಾಕುವಂಥದೇ ಸಣ್ಣ ಗುಂಡಿಗಳನ್ನಿಟ್ಟು.

ಇಷ್ಟೆಲ್ಲ ಆಗಿದ್ದು ಒಂದು ವಿಶ್ವವಿದ್ಯಾಲಯದ ದೆಸೆಯಿಂದ. ಅದು ಕ್ರೈಸ್ತ ವಿಶ್ವವಿದ್ಯಾಲಯ, ದೊಡ್ಡದು, ಹುಲ್ಲುಹಾಸಿನದು. ಅಲ್ಲಿನ ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಕ್ಯಾಂಪಸ್ಸಿನ ಹೊರಗೆ ಒಂದು ಪಾಠವಿತ್ತು. ಚರ್ಚಿನ ಸಭೆಗೆ ಸೇರಿದ ಬಡ ಕುಟುಂಬಗಳಲ್ಲಿ ಹೋಗಿ ಇರಬೇಕು, ಅವರು ಉಂಡದ್ದನ್ನು ಉಣ್ಣಬೇಕು, ‘ಸರಳ ಬದುಕು ಮತ್ತು ಸೇವೆ’ ಎಂಬ ವಿಷಯ ಕಲಿಯಬೇಕು. ಕಲಿತದ್ದಕ್ಕೆ ಕ್ರೆಡಿಟ್ ಸಿಗುತ್ತದೆ. ಮಗ ಚರ್ಚಿನ ಸಭಾಭವನದಲ್ಲಿ ಮೈಕು ನೋಡಿಕೊಳ್ಳುವವನು. ಈ ಕಾರ್ಯಕ್ರಮದ ಸಂಯೋಜಕರ ಕಾಲರಿಗೆ ಮೈಕು ಸಿಕ್ಕಿಸುವಾಗ, “ನಮ್ಮನೆಗೂ ಒಬ್ಬರನ್ನ ಕಳಿಸಿ ಸಾರ್” ಎಂದು ಕೇಳಿಕೊಂಡಿದ್ದ. ಸಂಯೋಜಕರು ಮನೆ ನೋಡಲು ಬಂದರು. ಕಿರಿದಾದ ಕೋಣೆ, ಬಣ್ಣ ಹೋದ ಗೋಡೆ ಎಲ್ಲ ಅವರಿಗೆ ಹಿಡಿಸಿತು. ಫ್ರಿಜ್ ಕಂಡಾಗ ಮಾತ್ರ ಮುಖ ಸಪ್ಪಗಾಯಿತು.

“ಮನೆ ಒಳ್ಳೇದೇ ಇದೆ. ಆದರೆ ನಮಗೆ ಬೇಕಾಗಿರೋದು ಇನ್ನೂ ಸ್ವಲ್ಪ ಸರಳವಾದ ಕುಟುಂಬ.”

ಹೊರಡುವಾಗ ಮೆಲ್ಲಗೆ ಇನ್ನೊಂದು ಮಾತೂ ಬಿಟ್ಟರು. ವಿದ್ಯಾರ್ಥಿಗಳನ್ನು ಇಟ್ಟುಕೊಂಡ ಮನೆಯ ಮಕ್ಕಳಿಗೆ ವಿಶ್ವವಿದ್ಯಾಲಯದಲ್ಲಿ ಶುಲ್ಕವಿಲ್ಲದ ಸೀಟು ಸಿಗುವುದುಂಟು, ತಾವೊಂದು ಮಾತು ಹೇಳಬಹುದು ಎಂದು. ಅಷ್ಟು ಸಾಕಾಯಿತು. ಫ್ರಿಜ್ ಪಕ್ಕದ ಮನೆಗೆ ಹೋಯಿತು, ಟೀವಿ ಸೊಸೆಯ ತಂಗಿಯ ಮನೆಗೆ ಹೋಯಿತು, ಮಿಕ್ಸಿ ಮಂಚದ ಕೆಳಗೆ ಹೋಗಿ ಮಲಗಿತು.

“ಮೂಗಿಗೆ ತುಪ್ಪ ಹಚ್ಚಿ ಹೋಗಿದಾನೆ ನಿನ್ನ ಸಾರು. ನೆಕ್ಕೋಕೂ ಆಗಲ್ಲ, ಬಿಡೋಕೂ ಆಗಲ್ಲ” ಎಂದಳು ಅಜ್ಜಿ.

“ಪುಟ್ಟಿಗೋಸ್ಕರ ಅಲ್ವಾ ಅತ್ತೆ?” ಎಂದಳು ಸೊಸೆ. ಅವಳು ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡುವವಳು. ದಿನವೆಲ್ಲ ನಿಂತು ಕಾಲು ಊದಿಸಿಕೊಂಡು ಬರುತ್ತಿದ್ದಳು. ಮಗಳ ಕಾಲು ಹಾಗಾಗಬಾರದು ಎಂಬುದೊಂದೇ ಅವಳ ಪ್ರಾರ್ಥನೆ.

ಪುಟ್ಟಿ ಎಂದರೆ ಮೊಮ್ಮಗಳು. ಶಾಲೆ ಮುಗಿಸಿದ್ದಳು, ಜಾಣೆ. ಆದರೆ ಅಜ್ಜಿಗೆ ಅವಳ ಮೇಲಿದ್ದ ಹೆಮ್ಮೆ ಅಂಕಗಳದ್ದಲ್ಲ. ಚಿಕ್ಕವಳಿದ್ದಾಗ ಒಮ್ಮೆ ಮನೆಗೆ ಪಾದ್ರಿ ಬಂದಿದ್ದರು. ಹಾಲು ಸ್ವಲ್ಪ ಹಳಸಿತ್ತು. ಬೇರೆ ಹಾಲಿಲ್ಲದೆ ಸೊಸೆ ಅದರಲ್ಲೇ ಕಾಫಿ ಮಾಡಿಕೊಟ್ಟಳು. ಪಾದ್ರಿ ಲೋಟ ಎತ್ತುವಷ್ಟರಲ್ಲಿ ಈ ಮೋಟುದ್ದದ ಹುಡುಗಿ ಅವರ ಕೈ ಹಿಡಿದು, “ಕುಡೀಬೇಡಿ ಫಾದರ್, ವಾಸನೆ ಬರ್ತಿದೆ” ಎಂದುಬಿಟ್ಟಿತ್ತು. ಸೊಸೆಗೆ ನೆಲ ಬಿರಿಯಬಾರದೇ ಎನ್ನಿಸಿತ್ತು. ಅಜ್ಜಿ ಮಾತ್ರ ನಕ್ಕು ನಕ್ಕು ಸೂಜಿ ಬೆರಳಿಗೆ ಚುಚ್ಚಿಕೊಂಡಿದ್ದಳು. “ಇವಳ ಬಾಯಲ್ಲಿ ಸುಳ್ಳು ನಿಲ್ಲಲ್ಲ” ಎಂದು ಅವತ್ತಿನಿಂದ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ವಿದ್ಯಾರ್ಥಿನಿ ಬಂದಳು. ಉದ್ದನೆಯ ಹುಡುಗಿ, ನಯವಾದ ಮಾತು, ಹೆಗಲಲ್ಲೊಂದು ಚೀಲ, ಕೈಯಲ್ಲೊಂದು ಟಿಪ್ಪಣಿ ಪುಸ್ತಕ. ಮೊದಲ ದಿನವೇ “ಅಜ್ಜಿ” ಎಂದಳು, ಪಾತ್ರೆ ತೊಳೆಯಲು ಕೂತಳು, ಬಚ್ಚಲು ಉಜ್ಜಿದಳು. ಉಜ್ಜಿ ಬಂದು ಅದನ್ನು ಬರೆದಿಟ್ಟಳು.

“ಏನು ಬರೀತೀಯಮ್ಮ?”

“ಇವತ್ತು ಏನು ಕಲಿತೆ ಅಂತ ಅಜ್ಜಿ. ಇದಕ್ಕೂ ಕ್ರೆಡಿಟ್ ಇದೆ.”

“ಬಚ್ಚಲು ಉಜ್ಜಿದ್ದಕ್ಕಾ? ಹಾಗಾದ್ರೆ ನನ್ನ ಸೊಸೆ ಈಗಾಗ್ಲೇ ಡಾಕ್ಟರೇಟು.”

ಅಂದಿನಿಂದ ಅಜ್ಜಿ ಬೆನ್ನ ಹಿಂದೆ ಅವಳನ್ನು ಕ್ರೆಡಿಟ್ಟು ಎಂದೇ ಕರೆದಳು. ಹುಡುಗಿ ಕೆಟ್ಟವಳಲ್ಲ. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ನೀರು ನೀರಾದ ಬೇಳೆ, ಇಷ್ಟನ್ನೇ ದಿನಾ ಬಡಿಸಿದರೂ ತಟ್ಟೆ ಒರೆಸಿ ತಿಂದಳು. ಅಂಥವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದೆ ಅಜ್ಜಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಮನೆಯ ಮೀನು, ಮೊಟ್ಟೆ, ಬೆಣ್ಣೆಯೆಲ್ಲ ಪಕ್ಕದ ಮನೆಯಲ್ಲಿತ್ತು. ಒಬ್ಬೊಬ್ಬರೇ ಒಂದೊಂದು ನೆಪ ಹೇಳಿ ಅಲ್ಲಿಗೆ ಹೋಗಿ ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದರು. ಸ್ವಂತ ಮನೆಯ ಮೀನನ್ನು ಕಳ್ಳ ಬೆಕ್ಕಿನ ಹಾಗೆ ತಿನ್ನಬೇಕಾಯಿತಲ್ಲ ಎಂದು ಅಜ್ಜಿಗೆ ಅಸಹ್ಯ. ಅವಳು ಹೋಗಲಿಲ್ಲ.

ಇನ್ನೊಂದು ತಮಾಷೆ. ಸೆಖೆ ಹೆಚ್ಚಾದಾಗ ಎಲೆಕ್ಟ್ರಿಷಿಯನ್ನನ ಹೆಂಡತಿ ಕನಿಕರಪಟ್ಟು ವಿದ್ಯಾರ್ಥಿನಿಯನ್ನು ಕರೆದು ತಣ್ಣೀರು ಕೊಟ್ಟಳು.

“ಪಕ್ಕದ ಮನೆಯವರು ಎಷ್ಟು ಒಳ್ಳೆಯವರು! ತಮ್ಮ ಫ್ರಿಜ್ಜಿನಲ್ಲಿ ನಿಮ್ಮ ಔಷಧಿಗೂ ಜಾಗ ಕೊಟ್ಟಿದಾರೆ” ಎಂದಳು ಹುಡುಗಿ ಊಟಕ್ಕೆ ಕೂತಾಗ.

“ಹೌದಮ್ಮ, ದೊಡ್ಡ ಮನಸ್ಸು” ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ.

ಅಜ್ಜಿ ಆಲೂಗಡ್ಡೆಯನ್ನು ಚಮಚದಿಂದ ಜಜ್ಜಿದಳು. ಮೊಮ್ಮಗಳು ಮುಖ ಕೆಂಪು ಮಾಡಿಕೊಂಡು ಎದ್ದು ಹೋದಳು. ಆ ಕೆಂಪು ಕಂಡು ಅಜ್ಜಿಗೆ ಎಷ್ಟೋ ಸಮಾಧಾನವಾಯಿತು.

ಒಂದು ದಿನ ಸಂಯೋಜಕರು ಕ್ಯಾಮೆರಾದವನೊಂದಿಗೆ ಬಂದರು. ಅಜ್ಜಿಯನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸಿ ನೋಡಿದರು, ಕಿಟಕಿಯ ಹತ್ತಿರ ಕೂರಿಸಿ ನೋಡಿದರು. ತೃಪ್ತಿಯಾಗಲಿಲ್ಲ.

“ಅಜ್ಜಿ, ಇದಕ್ಕಿಂತ ಸ್ವಲ್ಪ ಹಳೇದು ಇದೆಯಾ? ಒಂಚೂರು ಹರಿದಿದ್ರೂ ಪರವಾಗಿಲ್ಲ.”

“ನನ್ನ ಮನೇಲಿ ಹರಿದ ಬಟ್ಟೆ ಇರಲ್ಲ ಸಾರ್. ಹರಿದ್ರೆ ಹೊಲಿದಿರ್ತೀನಿ. ನಿಮ್ಮ ಪ್ಯಾಂಟಿನ ಅಂಚು ಬಿಚ್ಚಿದೆ, ಕೊಡಿ, ಅದನ್ನೂ ಹೊಲಿದುಕೊಡ್ತೀನಿ.”

ಅವರು ಹೋದಮೇಲೆ ಮಗ ಸಿಟ್ಟಿನಿಂದ ಕುಣಿದಾಡಿದ. “ನಿನ್ನ ಬಾಯಿಂದ ಪುಟ್ಟಿಯ ಸೀಟು ಹೋಗುತ್ತೆ ನೋಡ್ತಾ ಇರು!”

“ನನ್ನ ಬಾಯಿಗೆ ಹೆದರಿ ಹೋಗೋ ಸೀಟು ಅದೆಂಥ ಸೀಟೋ?”

“ಹಾಗಾದ್ರೆ ನೀನೇ ಓದಿಸು.”

ಮೊಮ್ಮಗಳು ಮೂಲೆಯಲ್ಲಿ ಕೂತು ಇಬ್ಬರ ಮಾತನ್ನೂ ಕೇಳುತ್ತಿದ್ದಳು. ಈ ಸಲ ಮುಖ ಕೆಂಪಾಗಿರಲಿಲ್ಲ. “ಅಜ್ಜಿ, ಒಂದು ಫೋಟೋಗೆ ಹಳೇ ಬಟ್ಟೆ ಹಾಕ್ಕೊಂಡಿದ್ರೆ ಏನಾಗ್ತಿತ್ತು?” ಎಂದು ಕೇಳಿದಳು, ತೀರಾ ಸಹಜವಾಗಿ, ಉಪ್ಪು ಕೊಡು ಎನ್ನುವ ಹಾಗೆ.

ಬೇಸಿಗೆ ಏರಿದಾಗ ಎಲೆಕ್ಟ್ರಿಷಿಯನ್ ಹೆಂಡತಿಯೊಂದಿಗೆ ಮಗಳ ಊರಿಗೆ ಹೋದ. ಅಜ್ಜಿಗೆ ಬಳಕೆಯ ಇನ್ಸುಲಿನ್ ಕೈಯಲ್ಲೇ ಇತ್ತು, ಉಳಿದ ಬಾಟಲಿಗಳು ಫ್ರಿಜ್ಜಿನಲ್ಲಿದ್ದವು. ಮನೆಗೆ ಬೀಗ ಹಾಕುವ ಮುಂಚೆ ಅವನು ಮೇನ್ ಸ್ವಿಚ್ ಆರಿಸಿದ. ಅದು ಅವನ ಕಸುಬಿನ ಚಾಳಿ. ಊರವರಿಗೆಲ್ಲ ಬುದ್ಧಿ ಹೇಳುವವನು, ಬೆಂಕಿ ಬಿದ್ದ ಮನೆಗಳನ್ನು ಕಂಡವನು; ಬಾಗಿಲಿಗೆ ಬೀಗ, ಮೇನಿಗೆ ಕತ್ತರಿ ಎನ್ನುವವನು. ತನ್ನ ಮನೆಯಲ್ಲಿ ಬೇರೆಯವರ ಫ್ರಿಜ್ ಇದೆ ಎಂಬುದು ಅವನ ತಲೆಯಲ್ಲಿತ್ತು, ಕೈಯಲ್ಲಿರಲಿಲ್ಲ.

ವಾರ ಕಳೆದು ಬಂದು ಬಾಗಿಲು ತೆಗೆದಾಗ ಗಂಡ ಹೆಂಡತಿ ಇಬ್ಬರೂ ಅಂಗಳಕ್ಕೆ ಓಡಿ ಬಂದರು. ತಗಡಿನ ಮಾಡಿನ ಕೆಳಗೆ, ಮುಚ್ಚಿದ ಫ್ರಿಜ್ಜಿನೊಳಗೆ ಮೀನು ಕೊಳೆತು ನೀರಾಗಿತ್ತು. ಮೂಗು ಕಟ್ಟಿಕೊಂಡು ಎತ್ತಿ ಬಿಸಾಡಿದರು, ನೀರು ಹೊಯ್ದರು, ಮೇನ್ ಹಾಕಿದರು. ಬಾಟಲಿಗಳು ಗಾಜಿನವು, ಮುಚ್ಚಳ ಭದ್ರವಾಗಿತ್ತು. ಅವಕ್ಕೇನಾಗುತ್ತದೆ ಎಂದು ಒರೆಸಿ ಮತ್ತೆ ಒಳಗಿಟ್ಟರು. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಮೊಮ್ಮಗಳು ಬಂದಾಗ ಬಾಗಿಲಲ್ಲೇ ಅದರಲ್ಲೊಂದು ಬಾಟಲಿ ಕೈಗೆ ಕೊಟ್ಟು ಕಳಿಸಿದರು.

ಅಜ್ಜಿ ದಿನಾ ತಪ್ಪದೆ ಚುಚ್ಚಿಕೊಂಡಳು. ಆದರೂ ಬಾಯಿ ಒಣಗತೊಡಗಿತು, ಕಾಲಿನ ಹೆಬ್ಬೆರಳಿನ ಸಣ್ಣ ಗಾಯ ಹುಣ್ಣಾಯಿತು. ಆಲೂಗಡ್ಡೆ ತಿಂದು ತಿಂದು ಹೀಗಾಗಿದೆ ಎಂದು ಸೊಸೆ ಗೊಣಗಿದಳು. ಒಂದು ಮಧ್ಯಾಹ್ನ ಒಲೆಯ ಮುಂದೆ ಅಜ್ಜಿ ಕುಸಿದು ಬಿದ್ದಳು. ಎತ್ತಿ ಆಸ್ಪತ್ರೆಗೆ ಓಡಿದವಳು ವಿದ್ಯಾರ್ಥಿನಿ. ತನ್ನ ದುಪಟ್ಟಾದಲ್ಲೇ ಮುದುಕಿಯ ಬಾಯಿಯ ವಾಂತಿ ಒರೆಸಿದಳು. ಅದನ್ನವಳು ಬರೆದಿಡಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಡಾಕ್ಟರು ಸಕ್ಕರೆಯ ಲೆಕ್ಕ ನೋಡಿ ಹುಬ್ಬು ಗಂಟಿಕ್ಕಿದರು. “ಔಷಧಿ ಕೆಟ್ಟಿರಬೇಕು. ಎಲ್ಲಿಟ್ಟಿದ್ರಿ ಇದನ್ನ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಮಗ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಮಂಚದ ಆಚೆ ಸಂಯೋಜಕರು ನಿಂತಿದ್ದರು. ಸುದ್ದಿ ತಿಳಿದು ಓಡಿ ಬಂದಿದ್ದರು. ಪಕ್ಕದಲ್ಲಿ ಅಳುತ್ತಾ ವಿದ್ಯಾರ್ಥಿನಿ.

ಮೊಮ್ಮಗಳು ಮುಂದೆ ಬಂದಳು.

“ನಮ್ಮನೇಲಿ ಫ್ರಿಜ್ ಇಲ್ಲ ಡಾಕ್ಟ್ರೇ.”

ಧ್ವನಿ ನಡುಗಲಿಲ್ಲ. ಕಣ್ಣು ಆಚೀಚೆ ಹೋಗಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದ ಅಜ್ಜಿಗೆ ಎಲ್ಲ ಕೇಳಿಸಿತು. ಕೈಗೆ ಚುಚ್ಚಿದ ಸೂಜಿ ಅವಳಿಗೆ ನೋಯಲಿಲ್ಲ. ಈ ಮಾತು ನೋಯಿತು.

ಮನೆಗೆ ಬಂದ ಮೇಲೆ ಎಲೆಕ್ಟ್ರಿಷಿಯನ್ನನ ಹೆಂಡತಿ ಬಂದು ಕಾಲ ಬಳಿ ಕೂತು ಅತ್ತಳು. “ಮೇನ್ ಆರಿಸೋದು ಇವರ ಹಾಳು ಚಾಳಿ ಅಜ್ಜಿ. ನಾನಾದ್ರೂ ಬಾಯಿ ಬಿಡಬೇಕಿತ್ತು.”

“ಏಳು ತಾಯಿ. ನೀನು ಮುಚ್ಚಿಟ್ಟಿದ್ದು ವಾಸನೆ. ನಮ್ಮವರು ಫ್ರಿಜ್ಜನ್ನೇ ಮುಚ್ಚಿಟ್ಟವರು” ಎಂದು ಅಜ್ಜಿ ಅವಳನ್ನು ಕಳಿಸಿದಳು. ಆಮೇಲೆ ಮೊಮ್ಮಗಳನ್ನು ಕರೆದಳು.

“ಡಾಕ್ಟ್ರಿಗೆ ಯಾಕೆ ಸುಳ್ಳು ಹೇಳಿದೆ?”

“ಸುಳ್ಳೆಲ್ಲಿ ಅಜ್ಜಿ? ನಮ್ಮನೇಲಿ ಈಗ ಫ್ರಿಜ್ ಇಲ್ವಲ್ಲ.”

ಅಜ್ಜಿ ಅವಳ ಮುಖವನ್ನೇ ನೋಡಿದಳು. “ಹೀಗೆ ಮಾತಾಡೋದನ್ನ ಯಾರು ಹೇಳಿಕೊಟ್ರು?”

“ಯಾರೂ ಹೇಳಿಕೊಡಲಿಲ್ಲ. ಅಪ್ಪ ಬಾಯಿ ಬಿಟ್ಟಿದ್ರೆ ಎಲ್ಲ ಹಾಳಾಗ್ತಿತ್ತು. ಅಮ್ಮ ನೆಲ ನೋಡ್ತಾ ಇದ್ರು. ಯಾರಾದ್ರೂ ಏನಾದ್ರೂ ಹೇಳಲೇಬೇಕಿತ್ತಲ್ಲ. ನಾನು ಬೇಕರಿಯಲ್ಲಿ ನಿಲ್ಲೋದು ನಿಮಗೆ ಇಷ್ಟಾನಾ ಅಜ್ಜಿ?”

“ನೀನು ಓದಬೇಕು ಕಣೇ. ಓದು. ಆದ್ರೆ ಈ ಕಾರ್ಯಕ್ರಮದ ಸಮಾರೋಪದಲ್ಲಿ ನಿನ್ನ ಕೈಗೆ ಮೈಕು ಕೊಡ್ತಾರಂತೆ. ಬಂದವರಿಗೆ ಥ್ಯಾಂಕ್ಸ್ ಹೇಳಿ ಕೂತ್ಕೋ. ನನ್ನ ಕಾಯಿಲೆಯ ಮಾತು ತೆಗೀಬೇಡ. ತೆಗೆದ್ರೆ ಅಲ್ಲೇ ಎದ್ದು ನಿಂತು ಎಲ್ಲ ಹೇಳಿಬಿಡ್ತೀನಿ.”

“ತೆಗೆಯಲ್ಲ ಅಜ್ಜಿ. ಪ್ರಾಮಿಸ್” ಎಂದು ಮೊಮ್ಮಗಳು ಅವಳ ಕೈ ಹಿಡಿದುಕೊಂಡಳು. ಅಜ್ಜಿ ನಂಬಿದಳು. ನಂಬದೆ ಬೇರೆ ದಾರಿ ಇರಲಿಲ್ಲ.

ಸಮಾರೋಪ ನಡೆದದ್ದು ಅದೇ ಸಭಾಭವನದಲ್ಲಿ. ವಿದ್ಯಾರ್ಥಿಗಳು ತಾವಿದ್ದ ಮನೆಯ ಹಿರಿಯರ ಕಾಲು ತೊಳೆಯುವುದು ಅಲ್ಲಿನ ಕ್ರಮ. ವೇದಿಕೆಯ ಮೇಲೆ ಕುರ್ಚಿಗಳ ಸಾಲು, ಪ್ರತಿ ಕುರ್ಚಿಯ ಮುಂದೊಂದು ಬೇಸನ್ನು, ಒಂದು ಬಿಳಿ ಟವೆಲ್ಲು. ಚರ್ಚಿನಲ್ಲಿ ಪಾದ್ರಿಗಳು ಭಕ್ತರ ಕಾಲು ತೊಳೆಯುವುದು ಅಜ್ಜಿಗೆ ಹೊಸದಲ್ಲ. ಅದಕ್ಕೆಂದೇ ಪಾದ್ರಿಗಳ ಅಂಗಿಯ ತೋಳನ್ನು ಸಡಿಲವಾಗಿ ಹೊಲಿದುಕೊಟ್ಟವಳು. ಅದರ ಮೇಲೆ ಅವಳಿಗೆ ಭಕ್ತಿಯಿತ್ತು. ಅವಳು ಪಟ್ಟಿ ಕಟ್ಟಿದ ಎಡಗಾಲನ್ನು ಹಿಂದೆಳೆದುಕೊಂಡು ಬಲಗಾಲನ್ನು ಬೇಸನ್ನಿಗಿಟ್ಟಳು.

ಸಂಯೋಜಕರು ಬಾಗಿ ಕಿವಿಯಲ್ಲಿ ಹೇಳಿದರು, “ಅಜ್ಜಿ, ಆ ಕಾಲು. ಹುಣ್ಣಿರೋದು. ಪಟ್ಟಿ ಸ್ವಲ್ಪ ಬಿಚ್ಚಿದ್ರೆ ಒಳ್ಳೇದು.”

ವಿದ್ಯಾರ್ಥಿನಿ ತಲೆ ಎತ್ತಿ, “ಬೇಡ ಸಾರ್, ನೀರು ತಾಗಬಾರದು ಅಂದಿದಾರೆ” ಎಂದಳು. ಆದರೆ ಕ್ಯಾಮೆರಾದವನು ಆಗಲೇ ಬಂದು ಮಂಡಿಯೂರಿದ್ದ. ಕೆಳಗೆ ಮೈಕಿನ ಪೆಟ್ಟಿಗೆಯ ಹಿಂದಿನಿಂದ ಮಗ ಎರಡೂ ಕೈ ಜೋಡಿಸಿ ತೋರಿಸಿದ. ಅಜ್ಜಿ ಪಟ್ಟಿ ಬಿಚ್ಚಿದಳು.

“ಇನ್ನೊಂದ್ಸಲ ನೀರು ಹಾಕಮ್ಮ, ಸರಿಯಾಗಿ ಬರಲಿಲ್ಲ” ಎಂದ ಕ್ಯಾಮೆರಾದವನು.

ಹುಡುಗಿ ಇನ್ನೊಮ್ಮೆ ನೀರು ಹಾಕಿದಳು.

ಆಗ ಮೊಮ್ಮಗಳ ಕೈಗೆ ಮೈಕು ಬಂತು. ಅವಳು ಥ್ಯಾಂಕ್ಸ್ ಹೇಳಿದಳು. ಕೂರಲಿಲ್ಲ. ಆಮೇಲೆ ಮಾತು ಶುರು ಮಾಡಿದಳು.

“ನಮ್ಮಜ್ಜಿ ಎಷ್ಟೋ ಜನ ಫಾದರ್‌ಗಳಿಗೆ ಅಂಗಿ ಹೊಲಿದುಕೊಟ್ಟವರು. ಆದರೆ ನಮ್ಮ ಮನೆಯಲ್ಲಿ ಅವರ ಔಷಧಿ ಇಡೋಕೆ ಒಂದು ತಣ್ಣಗಿನ ಜಾಗ ಇರಲಿಲ್ಲ. ಆ ಮಧ್ಯಾಹ್ನ ಈ ಅಕ್ಕ ಇಲ್ಲದೇ ಹೋಗಿದ್ರೆ…”

ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದಳು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಮಗ ಮೆಲ್ಲಗೆ ಮೈಕಿನ ಧ್ವನಿ ಏರಿಸಿದ. ಮಗಳ ಬಿಕ್ಕು ಸಭೆಯ ಮೂಲೆಮೂಲೆಗೂ ಕೇಳಿಸಿತು.

ಅಜ್ಜಿ ಕುರ್ಚಿಯ ಕೈ ಹಿಡಿದು ಏಳಹೊರಟಳು. ಮೊಮ್ಮಗಳು ಅವಳ ಕಡೆ ತಿರುಗಿದಳು. ಆ ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ನೀವು ಏಳುವುದಿಲ್ಲ ಅಜ್ಜಿ ಎಂಬ ಧೈರ್ಯ ಮಾತ್ರ ಇತ್ತು. ಅದು ಸರಿಯಾಗಿಯೇ ಇತ್ತು. ಅಜ್ಜಿ ಕೂತಳು. ಬೇಸನ್ನಿನ ನೀರಿನಲ್ಲಿ ಅವಳದೇ ಹುಣ್ಣಿನ ಕೆಂಪು ಎಳೆ ಬಿಡುತ್ತಿತ್ತು. ಸಂಯೋಜಕರ ಮೇಲೆ, ಮಗನ ಮೇಲೆ ಹುಟ್ಟಿದ ಹೇಸಿಗೆಯೆಲ್ಲ ಈಗ ತಿರುಗಿ ಬಂದು ತನ್ನ ಮೇಲೆಯೇ ಕೂತಿತು.

ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಕೆಂಪು ರಿಬ್ಬನ್ ಕಟ್ಟಿದ ಹೊಸ ಫ್ರಿಜ್ಜೊಂದು ವೇದಿಕೆಗೆ ಬಂತು. ವಿದ್ಯಾರ್ಥಿನಿಯ ತಂದೆತಾಯಿ ಮತ್ತು ಅವರ ಚರ್ಚಿನವರು ಸೇರಿ ಕೊಟ್ಟದ್ದು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೊಸೆ ನಿಜವಾಗಿಯೂ ಅತ್ತಳು. ಯಾಕೆ ಅತ್ತಳು ಎಂದು ಅವಳಿಗೂ ಗೊತ್ತಿರಲಿಲ್ಲ.

ವಿದ್ಯಾರ್ಥಿನಿ ಹೊರಟು ಹೋದಳು. ಹೋಗುವಾಗ ಅಜ್ಜಿಯನ್ನು ತಬ್ಬಿಕೊಂಡು, “ನಿಮ್ಮಿಂದ ಎಷ್ಟು ಕಲಿತೆ ಅಜ್ಜಿ” ಎಂದಳು. ಅಜ್ಜಿ ಅವಳ ಬೆನ್ನು ಸವರಿದಳು. ಬಾಯಿ ಬಿಟ್ಟರೆ ಬಣ್ಣಗೇಡು. ಆ ಮಗುವಿನ ಕಲಿಕೆಯಾದರೂ ನಿಜವೆಂದು ಉಳಿಯಲಿ ಎಂದುಕೊಂಡಳು.

ಹೊಸ ಫ್ರಿಜ್ ಹಳೆಯದರ ಜಾಗದಲ್ಲಿ ನಿಂತಿತು. ಅದರ ಬಾಗಿಲ ಮೇಲೆ ದಾನಿಗಳ ಹೆಸರಿನ ಪಟ್ಟಿ ಅಂಟಿಸಿತ್ತು. ಟೀವಿ ಮರಳಿತು, ಮಿಕ್ಸಿ ಎದ್ದಿತು, ಮೀನು ಮರಳಿತು. ಮಗ ಉಂಡು ತೇಗಿ, “ಹಳೇದನ್ನ ಗುಜರಿಗೆ ಹಾಕೋಣ ಅಮ್ಮ” ಎಂದ.

“ಮುಟ್ಟಿ ನೋಡು” ಎಂದಳು ಅಜ್ಜಿ.

ಅವಳು ಹೊಸದರಲ್ಲಿ ಇನ್ಸುಲಿನ್ ಇಡಲಿಲ್ಲ. ಬಾಟಲಿಯನ್ನು ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿಟ್ಟು, ದಿನಾ ಪಕ್ಕದ ಮನೆಗೆ ಕುಂಟಿಕೊಂಡು ಹೋಗಿ ಹಳೆಯ ಫ್ರಿಜ್ಜಿನ ಮುಂದೆ ಕೂತು ಉಜ್ಜಿದಳು. ಸೋಡಾ ಹಾಕಿ ಉಜ್ಜಿದಳು, ನಿಂಬೆಸಿಪ್ಪೆ ಹಾಕಿ ಉಜ್ಜಿದಳು. ಕೊಳೆತ ಮೀನಿನ ನೀರು ಬಾಗಿಲಿನ ರಬ್ಬರಿನೊಳಗೆ ಇಳಿದಿತ್ತು. ಹಿಡಿಯ ಮೇಲಿನ ಬಟ್ಟೆಯ ಕವಚವನ್ನು ಬಿಚ್ಚಿ ಒಗೆದರೂ ಅದರ ಗುಂಡಿಗಳಿಂದಲೂ ಅದೇ ನಾತ.

ಒಂದು ಸಂಜೆ ಮೊಮ್ಮಗಳು ಓಡಿ ಬಂದಳು.

“ಅಜ್ಜಿ! ಸಾರ್ ಫೋನ್ ಮಾಡಿದ್ರು. ಸೀಟು ಆಯ್ತಂತೆ!”

ಬಾಗಿಲಲ್ಲಿ ನಿಂತಿದ್ದ ಎಲೆಕ್ಟ್ರಿಷಿಯನ್ನನ ಹೆಂಡತಿ ಕೈವಸ್ತ್ರ ಮೂಗಿಗೊತ್ತಿಕೊಂಡೇ, “ಒಳ್ಳೇದಾಯ್ತು ಕಣಮ್ಮ” ಎಂದಳು.

ಅಜ್ಜಿ ಬ್ರಶ್ ಕೆಳಗಿಟ್ಟಳು. “ಒಳ್ಳೇದು. ಬಾ ಇಲ್ಲಿ. ನನಗೆ ವಯಸ್ಸಾಯ್ತು, ಮೂಗು ನಂಬೋ ಹಾಗಿಲ್ಲ. ಸ್ವಲ್ಪ ಒಳಗೆ ತಲೆ ಹಾಕಿ ನೋಡಿ ಹೇಳು, ವಾಸನೆ ಹೋಗಿದೆಯಾ?”

ಮೊಮ್ಮಗಳು ಪಕ್ಕದಲ್ಲಿ ಕೂತು ತಲೆ ಒಳಗೆ ಹಾಕಿದಳು. ಅವಳ ಗಂಟಲು ಒಮ್ಮೆ ಉಬ್ಬಿ ಇಳಿಯಿತು. ತಲೆ ಹೊರಗೆ ತೆಗೆದಾಗ ಕಣ್ಣಲ್ಲಿ ನೀರು ತುಂಬಿತ್ತು.

“ಏನೂ ಇಲ್ಲ ಅಜ್ಜಿ. ಪೂರ್ತಿ ಹೋಗಿದೆ” ಎಂದು ಚೆಂದವಾಗಿ ನಕ್ಕಳು.